ಗರಗಸಕ್ಕೆ ಎರಡು ಗ

ಹೆಗ್ಗಡದೇವನಕೋಟೆ ತಾಲ್ಲೂಕಿನ ಆ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಹೊರಗಿನವರು ಕೂತು ನೋಡಲು ತಕ್ಕ ಜಾಗ ಒಂದೇ: ನಲಿಕಲಿ ಕೋಣೆಯ ಹಿಂದಿನ ಮೂಲೆ, ನೀರಿನ ಡ್ರಮ್ಮಿನ ಪಕ್ಕ. ಅಲ್ಲಿಂದ ಐದೂ ಗುಂಪುಗಳು ಕಾಣುತ್ತವೆ, ಮಕ್ಕಳ ಕಣ್ಣು ನಮ್ಮ ಮೇಲೆ ಬೀಳುವುದು ಕಡಿಮೆ. ಕಡಿಮೆ ಎಂದರೆ ಮೊದಲ ಅರ್ಧ ಗಂಟೆ ಕಳೆದ ಮೇಲೆ. ಅಲ್ಲಿಯವರೆಗೆ ಎಲ್ಲರೂ ನಮ್ಮನ್ನೇ ನೋಡುತ್ತಾರೆ, ಊರು ಯಾವುದು ಎನ್ನುತ್ತಾರೆ, ದುರ್ಬೀನು ಯಾಕೆ ತಂದಿಲ್ಲ ಎಂದು ಕೇಳುತ್ತಾರೆ. ಕಬಿನಿ ಹಿನ್ನೀರಿನ ದಂಡೆಯಲ್ಲಿ ಓಡಾಡುವ ನಾನು ಅವರಿಗೆಲ್ಲ ‘ಹಕ್ಕಿ ನೋಡೋ ಸಾರು’. ಆ ಅರ್ಧ ಗಂಟೆಯಲ್ಲಿ ಕಂಡದ್ದನ್ನು ನಾನು ಟಿಪ್ಪಣಿ ಪುಸ್ತಕಕ್ಕೆ ಸೇರಿಸುವುದಿಲ್ಲ. ಅದು ಮಕ್ಕಳ ಸ್ವಭಾವವಲ್ಲ, ನಾನು ಅಲ್ಲಿದ್ದೇನೆ ಎಂಬುದಕ್ಕೆ ಅವರು ಕೊಡುವ ಉತ್ತರ ಅಷ್ಟೆ.

ಕೋಣೆಯ ವಿವರ ಮೊದಲು. ತಲೆಯ ಮೇಲೆ ಗೋಡೆಯಿಂದ ಗೋಡೆಗೆ ಎಳೆದ ತಂತಿಗಳು, ಮಕ್ಕಳು ಮಾಡಿದ ಚಿತ್ರಗಳು ಅವುಗಳಿಂದ ಇಳಿಬಿದ್ದಿವೆ. ಶಾಲೆಯ ಮಾತಿನಲ್ಲಿ ಇದು ಚಪ್ಪರ. ಗೋಡೆಯ ಕೆಳಭಾಗಕ್ಕೆ, ಕೂತ ಮಗುವಿನ ಕೈಗೆ ಎಟಕುವಷ್ಟು ಎತ್ತರಕ್ಕೆ ಕರಿಹಲಗೆಯ ಬಣ್ಣ. ಒಂದು ಕಡೆ ಕಲಿಕಾ ಏಣಿ. ಅದರಲ್ಲಿ ಮೈಲಿಗಲ್ಲುಗಳು, ಒಂದೊಂದು ಬಗೆಯ ಚಟುವಟಿಕೆಗೆ ಒಂದೊಂದು ಚಿತ್ರದ ಗುರುತು. ಓದಲು ಬಾರದ ಮಗುವೂ ಏಣಿಯ ಮೇಲಿನ ಚಿತ್ರ ನೋಡಿ, ಅದೇ ಚಿತ್ರವಿರುವ ಕಾರ್ಡನ್ನು ಟ್ರೇಯಿಂದ ಎತ್ತಿಕೊಂಡು, ತನ್ನ ತಟ್ಟೆಗೆ ಹೋಗಿ ಕೂರುತ್ತದೆ. ತಟ್ಟೆ ಎಂದರೆ ಗುಂಪು. ಒಂದನೆಯ ತಟ್ಟೆಗೆ ಶಿಕ್ಷಕಿಯ ಪೂರ್ತಿ ನೆರವು, ಎರಡನೆಯದಕ್ಕೆ ಅರ್ಧ ನೆರವು, ಮೂರನೆಯದಕ್ಕೆ ಸಹಪಾಠಿಯ ನೆರವು, ನಾಲ್ಕನೆಯದಕ್ಕೆ ಅದರಲ್ಲೂ ಅರ್ಧ, ಐದನೆಯ ತಟ್ಟೆಯಲ್ಲಿ ಮಗು ತಾನೇ ಮಾಡಬೇಕು. ಒಂದರಿಂದ ಮೂರನೆಯ ತರಗತಿಯವರೆಗಿನವರು ಒಟ್ಟಿಗೇ ಇರುತ್ತಾರೆ. ಯಾರು ಯಾವ ತರಗತಿ ಎಂದು ನೋಡಿದ ಕೂಡಲೇ ಹೇಳಲಾಗುವುದಿಲ್ಲ.

ನಲಿಕಲಿ ಎಂಬ ಈ ಪದ್ಧತಿ ಹುಟ್ಟಿದ್ದು ಇದೇ ತಾಲ್ಲೂಕಿನಲ್ಲಿ. 1990ರ ದಶಕದಲ್ಲಿ ಇಲ್ಲಿನ ಕೆಲವು ಶಿಕ್ಷಕರು ಆಂಧ್ರದ ಮದನಪಲ್ಲಿ ಬಳಿಯ ರಿಷಿವ್ಯಾಲಿಗೆ ಹೋಗಿ, ಸುತ್ತಲ ಹಳ್ಳಿಗಳಲ್ಲಿ ಆ ಸಂಸ್ಥೆ ನಡೆಸುತ್ತಿದ್ದ ಪುಟ್ಟ ಶಾಲೆಗಳನ್ನು ನೋಡಿ ಬಂದರು. ಒಬ್ಬರೇ ಶಿಕ್ಷಕರು, ಹಲವು ತರಗತಿಯ ಮಕ್ಕಳು, ಕೈಯಲ್ಲಿ ಕಾರ್ಡು. 1995ರಲ್ಲಿ ಯುನಿಸೆಫ್ ನೆರವಿನಿಂದ ಅದನ್ನು ಕನ್ನಡಕ್ಕೆ ಒಗ್ಗಿಸಿ ಇಲ್ಲಿ ಶುರುಮಾಡಿದರು. 2009-10ರಲ್ಲಿ ರಾಜ್ಯದ ಸರ್ಕಾರಿ ಶಾಲೆಗಳ ಒಂದು ಮತ್ತು ಎರಡನೆಯ ತರಗತಿಗೆ, ಮರುವರ್ಷ ಮೂರನೆಯ ತರಗತಿಗೆ ಹಬ್ಬಿತು. ಮೇಲಿನಿಂದ ಇಳಿದ ಯೋಜನೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಇದನ್ನು ಶಿಕ್ಷಕರೇ ಕೂತು ಕಟ್ಟಿದರು ಎಂಬುದು ಈ ಭಾಗದ ಹಳೆಯ ಮೇಷ್ಟ್ರುಗಳ ಮಾತಿನಲ್ಲಿ ಈಗಲೂ ಸ್ವಲ್ಪ ಗತ್ತಿನಿಂದಲೇ ಕೇಳಿಬರುತ್ತದೆ. ಗತ್ತು ತಪ್ಪಲ್ಲ.

ಮೂವತ್ತು ಮಕ್ಕಳಿರುವ ಕೋಣೆಯನ್ನು ಒಟ್ಟಾಗಿ ನೋಡಲು ಹೊರಟರೆ ಏನೂ ಕಾಣುವುದಿಲ್ಲ. ಅಲ್ಲಲ್ಲಿ ಎದ್ದ ಗಲಾಟೆ, ಯಾರೋ ಎಳೆದ ಜಡೆ, ಬಿದ್ದ ಸ್ಲೇಟು ಇಷ್ಟೇ ಕಣ್ಣಿಗೆ ಬೀಳುತ್ತದೆ. ಪ್ರಾಣಿಗಳ ನಡವಳಿಕೆ ನೋಡುವವರಿಗೆ ಇದು ಹಳೆಯ ತೊಡಕು. ಕೀನ್ಯಾದ ಅಂಬೊಸೆಲಿಯಲ್ಲಿ ಬಬೂನ್ ಕೋತಿಗಳನ್ನು ಅಭ್ಯಾಸ ಮಾಡಿದ ಜೀನ್ ಆಲ್ಟ್‌ಮನ್ 1974ರ ತಮ್ಮ ಪ್ರಬಂಧದಲ್ಲಿ ಇದನ್ನು ಬಿಡಿಸಿ ಹೇಳಿದರು: ಕಣ್ಣಿಗೆ ಬಿದ್ದದ್ದನ್ನೆಲ್ಲ ಬರೆದುಕೊಂಡರೆ ಗದ್ದಲದ ಪ್ರಾಣಿಗಳೇ ಪುಸ್ತಕ ತುಂಬುತ್ತವೆ, ಸುಮ್ಮನಿರುವವು ಕಾಣೆಯಾಗುತ್ತವೆ, ಆದ್ದರಿಂದ ಒಂದು ಪ್ರಾಣಿಯನ್ನು ಆರಿಸಿಕೊಂಡು, ಗೊತ್ತುಮಾಡಿದ ಹೊತ್ತು ಮುಗಿಯುವವರೆಗೆ ಅದನ್ನೇ ನೋಡಿ. ನಾನೂ ಹಾಗೆಯೇ ಮಾಡಿದೆ. ಹೆಸರು ಬರೆದುಕೊಳ್ಳಲಿಲ್ಲ, ಗುರುತು ಬರೆದುಕೊಂಡೆ: ಪಿನ್ನಂಗಿ, ಕೆಂಪು ಟೇಪು, ಬೆಳ್ಳಿ ಕಡಗ, ಉದ್ದ ತೋಳು.

ಕೆಂಪು ಟೇಪಿನ ಹುಡುಗಿ ಮೂರನೆಯ ತಟ್ಟೆಯಲ್ಲಿದ್ದಳು. ಮುಂದೆ ಐದು ಅಕ್ಷರದ ಕಾರ್ಡುಗಳು: ರ, ಗ, ಸ, ದ, ಅ. ನಲಿಕಲಿಯಲ್ಲಿ ಕನ್ನಡ ಶುರುವಾಗುವುದು ವರ್ಣಮಾಲೆಯ ಸಾಲಿನಿಂದಲ್ಲ, ಈ ಐದರಿಂದ. ಬರೆಯಲು ಸುಲಭ, ಆಕಾರದಲ್ಲಿ ಒಂದಕ್ಕೊಂದು ನೆಂಟಸ್ತನ ಇದೆ, ಕಲಿತ ಕೂಡಲೇ ಪದ ಕಟ್ಟಬಹುದು. ಸರ, ದರ, ಅರಸ, ಅಗಸ. ಅವಳ ಪಕ್ಕದಲ್ಲಿ ಕಡಗದ ಹುಡುಗ, ಎದುರಿಗೆ ಉದ್ದ ತೋಳಿನ ಅಂಗಿ ತೊಟ್ಟ ಇನ್ನೊಬ್ಬಳು. ಮೊದಲ ನಾಲ್ಕು ಪದ ಬೇಗ ಆದವು, ಅಂದರೆ ಕೆಂಪು ಟೇಪಿನವಳು ಜೋಡಿಸಿದಳು, ಉಳಿದಿಬ್ಬರು ನೋಡಿದರು. ಆಮೇಲೆ ಕಡಗದ ಹುಡುಗ ಬಾಯಲ್ಲಿ ‘ಗರಗಸ’ ಎಂದ. ಅವನ ಅಪ್ಪ ಮರಗೆಲಸದವನಂತೆ, ಆಮೇಲೆ ತಿಳಿಯಿತು. ಕಾರ್ಡು ಜೋಡಿಸಲು ಹೋದರೆ ಗ ಒಂದೇ ಇದೆ. ಅವಳು ಇಲ್ಲ ಎಂದಳು. ಅವನು ಇದೆ ಎಂದ. ಅವಳು ಅವನ ಮುಂದೆಯೇ ಒಂದೊಂದು ಅಕ್ಷರಕ್ಕೂ ಬೆರಳಿಟ್ಟು ‘ಗ… ರ… ಇನ್ನೊಂದು ಗ ಎಲ್ಲೋ?’ ಎಂದು ಕೇಳಿದಳು. ಅವನು ಒಂದು ಗಳಿಗೆ ಯೋಚಿಸಿ, ಎದ್ದು, ಪಕ್ಕದ ತಟ್ಟೆಗೆ ಹೋದ.

ಮುಂದಿನದು ನೋಡುವಂಥದ್ದು. ಪಕ್ಕದ ತಟ್ಟೆಯವರು ಗ ಕೊಡಲಿಲ್ಲ, ಅವರಿಗೂ ಅದು ಬೇಕು. ಅವನು ವಾಪಸು ಬಂದು ರ ತೆಗೆದುಕೊಂಡು ಹೋದ, ಅದನ್ನು ಅಡವಿಟ್ಟು ಗ ತಂದ. ಈಗ ಎರಡು ಗ ಇವೆ, ರ ಇಲ್ಲ. ಮೂವರೂ ನಕ್ಕರು. ಅದುವರೆಗೆ ಬಾಯೇ ಬಿಡದ ಉದ್ದ ತೋಳಿನವಳು ದ ಎತ್ತಿ ಅವನ ಕೈಗೆ ಕೊಟ್ಟಳು: ‘ಇದ್ ಕೊಟ್ ಬಾ, ಇದು ಬೇಕಾಗಿಲ್ಲ.’ ಅವನು ಓಡಿದ. ಗರಗಸ ನೆಲದ ಮೇಲೆ ಕೂತಿತು. ಮೂವರೂ ಅದನ್ನು ಮೂರು ಸಲ ಓದಿದರು. ಮೂರನೆಯ ಸಲ ಕಡಗದವನು ಕೈಯಲ್ಲಿ ಕೊಯ್ಯುವ ಅಭಿನಯವನ್ನೂ ಮಾಡಿದ.

ಶಿಕ್ಷಕಿ ಇಷ್ಟೂ ಹೊತ್ತು ಒಂದನೆಯ ತಟ್ಟೆಯಲ್ಲಿ ಕೂತಿದ್ದರು, ಬೆನ್ನು ಈ ಕಡೆಗೆ. ಊಟದ ಹೊತ್ತಿಗೆ ಕೇಳಿದರೆ, ಎಲ್ಲ ಕಿವಿಯಲ್ಲೇ ನೋಡಿದ್ದರು. ‘ಮೊದಲು ಒಂದೊಂದು ಗುಂಪಿಗೂ ಎರಡೆರಡು ಸೆಟ್ ಕಾರ್ಡ್ ಇತ್ತು ಸರ್. ಕಳೆದುಹೋದವು. ಆಮೇಲೆ ನೋಡಿದ್ರೆ ಒಂದೇ ಇದ್ದಾಗ ಜಾಸ್ತಿ ಮಾತಾಡ್ತಾರೆ. ಹೊಸದು ಮಾಡೋಕೆ ಹೋಗ್ಲಿಲ್ಲ.’ ತರಬೇತಿ ಕೈಪಿಡಿಯಲ್ಲಿ ಇದು ಸಿಗುವುದು ಅನುಮಾನ. ಸಾಮಗ್ರಿ ಸಾಕಷ್ಟು ಒದಗಿಸಿ ಎಂದೇ ಎಲ್ಲ ಸುತ್ತೋಲೆಗಳೂ ಹೇಳುತ್ತವೆ.

ಕೆಂಪು ಟೇಪಿನವಳು ‘ಇಲ್ಲ’ ಎಂದಷ್ಟೇ ಹೇಳಿ ಬಿಟ್ಟಿದ್ದರೆ ಕಡಗದವನಿಗೆ ಏನೂ ದಕ್ಕುತ್ತಿರಲಿಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ನೊರೀನ್ ವೆಬ್ ಗುಂಪಿನಲ್ಲಿ ಕಲಿಯುವ ಮಕ್ಕಳ ಮಾತುಗಳನ್ನು ಬಹಳ ವರ್ಷ ಅಭ್ಯಾಸ ಮಾಡಿದವರು. ಬಿಡಿಸಿ ವಿವರಿಸಿದ ಮಗುವಿಗೆ ಲಾಭ ಹೆಚ್ಚು, ಬರಿಯ ಉತ್ತರ ಪಡೆದ ಮಗುವಿಗೆ ಲಾಭವಿಲ್ಲ ಎಂಬುದು ಅವರಿಗೆ ಮತ್ತೆ ಮತ್ತೆ ಕಂಡದ್ದು. ಬೆರಳಿಟ್ಟು ಕೇಳಿದ ಆ ಅರ್ಧ ನಿಮಿಷದಲ್ಲಿ ಹುಡುಗಿ ತಾನೇ ಪದವನ್ನು ಅಕ್ಷರಗಳಾಗಿ ಒಡೆದು ನೋಡಿದಳು. ಅದಕ್ಕೂ ಮೊದಲಿನ ನಾಲ್ಕು ಪದಗಳನ್ನು ಅವಳು ಒಟ್ಟೊಟ್ಟಿಗೆ ಗುರುತು ಹಿಡಿದು ಜೋಡಿಸಿದ್ದಳೇ ಹೊರತು ಒಡೆದಿರಲಿಲ್ಲ ಎಂದು ನನ್ನ ಊಹೆ.

ಉದ್ದ ತೋಳಿನವಳು ಹಾಡಿಯಿಂದ ಬರುವ ಜೇನುಕುರುಬರ ಮಗು. ಮನೆಯ ಮಾತು ಬೇರೆ. ಶಿಕ್ಷಕಿ ಮಾತಾಡಿಸಿದರೆ ತಲೆ ತಗ್ಗಿಸುತ್ತಾಳೆ. ನಾಲ್ಕನೆಯ ತಟ್ಟೆಯಲ್ಲಿ ಅವಳ ಅಕ್ಕ ಇದ್ದಾಳೆ, ದೊಡ್ಡವಳು. ತಂಗಿಗೆ ಏನಾದರೂ ಗೊತ್ತಾಗದಿದ್ದರೆ ಅಕ್ಕ ಎದ್ದು ಬಂದು ಬಗ್ಗಿ ಎರಡು ಮಾತು ಹೇಳಿ ಹೋಗುತ್ತಾಳೆ. ಅದು ಕನ್ನಡವಲ್ಲ, ಶಿಕ್ಷಕಿಗೂ ಅರ್ಥವಾಗುವುದಿಲ್ಲ. ಬೇರೆ ಶಾಲೆಯೊಂದರಲ್ಲಿ ಇಂಥದ್ದಕ್ಕೆ ‘ಏಯ್, ಕನ್ನಡದಲ್ಲಿ ಮಾತಾಡಿ’ ಎಂದು ಗದರಿದ್ದನ್ನು ಕೇಳಿದ್ದೇನೆ. ಇವರು ಗದರುವುದಿಲ್ಲ. ಸಾಲು ಬೆಂಚಿನ ಪಾಠದಲ್ಲಿ ಈ ಎರಡು ಮಾತಿಗೆ ಜಾಗವೇ ಇರುವುದಿಲ್ಲ. ನನ್ನ ಮಟ್ಟಿಗೆ ಗುಂಪು ಕಲಿಕೆಯ ಪರವಾಗಿ ಹೇಳಬಹುದಾದ ವಾದಗಳಲ್ಲಿ ಇದಕ್ಕಿಂತ ಗಟ್ಟಿಯಾದದ್ದು ಇಲ್ಲ.

ಎಲ್ಲವೂ ಹೀಗೆ ಸೊಗಸಲ್ಲ. ಪಿನ್ನಂಗಿಯ ಹುಡುಗನನ್ನು ನೋಡಿ. ಗುಂಡಿ ಕಿತ್ತುಹೋದ ಕಡೆ ಎರಡು ಪಿನ್ನು ಹಾಕಿಕೊಂಡಿದ್ದಾನೆ. ಡಿಸೆಂಬರಿನಲ್ಲಿ ಅಪ್ಪ ಅಮ್ಮನ ಜೊತೆ ಕೊಡಗಿನ ತೋಟಕ್ಕೆ ಕಾಫಿ ಕೊಯ್ಲಿಗೆ ಹೋದವನು ಮಾರ್ಚಿಗೆ ಬಂದ. ಏಣಿಯ ಪದ್ಧತಿಯ ದೊಡ್ಡ ಗುಣವೇ ಇದು: ಬಿಟ್ಟ ಮೆಟ್ಟಿಲಿನಿಂದ ಹತ್ತಬಹುದು, ‘ಪಾಠ ಮುಂದೆ ಹೋಗಿಬಿಟ್ಟಿದೆ’ ಎಂಬ ಮಾತಿಲ್ಲ. ಆದರೆ ಅವನು ಬಿಟ್ಟ ಮೆಟ್ಟಿಲು ಈಗ ತನಗಿಂತ ಎರಡು ವರ್ಷ ಚಿಕ್ಕವರ ತಟ್ಟೆಯಲ್ಲಿದೆ. ಅವನು ಅಲ್ಲಿ ಕೂರುತ್ತಾನೆ, ಮೈ ಮಾತ್ರ ಅರ್ಧ ಹೊರಕ್ಕೆ ತಿರುಗಿರುತ್ತದೆ. ಒಂದು ಕಾರ್ಡು ಮುಗಿಸುವಷ್ಟರಲ್ಲಿ ಪೆನ್ಸಿಲ್ ಹೆರೆಯಲು ಎರಡು ಸಲ, ನೀರು ಕುಡಿಯಲು ಒಂದು ಸಲ ಎದ್ದ. ಪ್ರತಿ ಸಲವೂ ತನ್ನ ಓರಗೆಯವರ ತಟ್ಟೆಯನ್ನು ಹಾದುಹೋಗುವ ದಾರಿ ಹಿಡಿದ. ಶಿಕ್ಷಕಿ ಮೂರನೆಯ ಸಲ ಅವನನ್ನು ತಡೆದು, ಚಿಕ್ಕವರಿಗೆ ಲೆಕ್ಕದ ಕಡ್ಡಿಗಳನ್ನು ಹತ್ತತ್ತರ ಕಟ್ಟು ಮಾಡಿಕೊಡುವ ಕೆಲಸ ಕೊಟ್ಟರು. ಕೊಯ್ಲಿನ ಕೆಲಸ ನೋಡಿ ಬಂದ ಕೈ, ಚಕಚಕನೆ ಕಟ್ಟಿತು. ಅವತ್ತಿಗೆ ಅದು ಸರಿಹೋಯಿತು. ಮರುದಿನ ಮತ್ತೆ ಅರ್ಧ ಹೊರಕ್ಕೆ ತಿರುಗಿದ ಮೈ.

ನಾಲ್ಕು ಮತ್ತು ಐದನೆಯ ತರಗತಿಯ ಕೋಣೆ ಪಕ್ಕದ್ದು. ಅಲ್ಲಿ ತಟ್ಟೆ ಇಲ್ಲ, ಬೆಂಚುಗಳಿವೆ, ಬೇಕೆಂದಾಗ ಎದುರುಬದುರು ತಿರುಗಿಸುತ್ತಾರೆ. ಒಂದು ದಿನ ಐದೈದು ಮಕ್ಕಳಿಗೆ ಒಂದು ಡ್ರಾಯಿಂಗ್ ಶೀಟು, ಒಂದು ಸ್ಕೆಚ್ ಪೆನ್ನು ಕೊಟ್ಟು ‘ನಮ್ಮೂರಿನ ನೀರಿನ ಮೂಲಗಳು’ ಬರೆಯಲು ಹೇಳಿದರು. ನಾನು ಮಗುವನ್ನು ಬಿಟ್ಟು ಪೆನ್ನನ್ನು ನೋಡುತ್ತ ಕೂತೆ. ಮೊದಲು ಪೆನ್ನು ಹಿಡಿದ ಕೈಯಲ್ಲೇ ಅದು ಪೀರಿಯಡ್ಡಿನ ಮುಕ್ಕಾಲು ಪಾಲು ಇತ್ತು. ಒಬ್ಬ ಶೀಟಿನ ಅಂಚು ಹಿಡಿದಿದ್ದ. ಇಬ್ಬರು ‘ಬೋರ್‌ವೆಲ್ ಬರಿ, ಕೆರೆ ಬರಿ’ ಎಂದು ಹೇಳುತ್ತಿದ್ದರು, ಬರೆಯುವವನು ತನಗೆ ಬೇಕಾದ್ದನ್ನು ಮಾತ್ರ ಕೇಳಿಸಿಕೊಂಡ. ಐದನೆಯವಳು ಕಿಟಕಿಯ ಹೊರಗೆ ಮಡಿವಾಳ ಹಕ್ಕಿಯೊಂದನ್ನು ನೋಡುತ್ತಿದ್ದಳು; ಅವಳ ಮೇಲೆ ನನಗೆ ಸ್ವಲ್ಪ ಪಕ್ಷಪಾತ ಹುಟ್ಟಿದ್ದು ನಿಜ. ಕೊನೆಗೆ ಶೀಟು ಚೆನ್ನಾಗಿಯೇ ಬಂತು, ಗೋಡೆಗೆ ಅಂಟಿತು, ಫೋಟೊ ತೆಗೆದು ಮೇಲಕ್ಕೆ ಕಳಿಸಿದ್ದೂ ಆಯಿತು. ಫೋಟೊದಲ್ಲಿ ಐವರೂ ಇದ್ದಾರೆ.

ಇಂಗ್ಲೆಂಡಿನಲ್ಲಿ ಮಾರಿಸ್ ಗಾಲ್ಟನ್ ಮತ್ತು ಜೊತೆಗಾರರು 1970ರ ದಶಕದ ಕೊನೆಯಲ್ಲಿ ಪ್ರಾಥಮಿಕ ತರಗತಿಗಳಲ್ಲಿ ಕೂತು, ಮಕ್ಕಳು ಏನು ಮಾಡುತ್ತಿದ್ದಾರೆಂದು ಕೆಲವು ಸೆಕೆಂಡುಗಳಿಗೊಮ್ಮೆ ಗುರುತು ಹಾಕಿಕೊಂಡರು. ಅವರಿಗೆ ಕಂಡದ್ದೂ ಇದೇ: ಮಕ್ಕಳು ಗುಂಪಾಗಿ ಕೂರುತ್ತಾರೆ, ಕೆಲಸ ಮಾತ್ರ ಒಬ್ಬೊಬ್ಬರದೇ. ಮೇಜು ತಿರುಗಿಸಿದ ಮಾತ್ರಕ್ಕೆ ಮಾತು ತಿರುಗುವುದಿಲ್ಲ. ನಮ್ಮಲ್ಲಿ ಇನ್ನೊಂದು ಹಳೆಯ ರೂಢಿಯೂ ಸೇರಿಕೊಂಡಿದೆ, ಗುಂಪಿಗೊಬ್ಬ ಲೀಡರ್. ಹಿಂದೆ ಜಗಲಿ ಶಾಲೆಗಳಲ್ಲಿ ದೊಡ್ಡ ಹುಡುಗರು ಚಿಕ್ಕವರಿಗೆ ಮರಳಿನ ಮೇಲೆ ಅಕ್ಷರ ತಿದ್ದಿಸುತ್ತಿದ್ದರು. ಮದರಾಸಿನ ಅನಾಥಾಲಯವೊಂದನ್ನು ನೋಡಿಕೊಳ್ಳುತ್ತಿದ್ದ ಆ್ಯಂಡ್ರೂ ಬೆಲ್ ಈ ಕ್ರಮದಿಂದ ಪ್ರೇರಣೆ ಪಡೆದು, ಅದನ್ನು ಅಲ್ಲಿನ ಮಕ್ಕಳ ಮೇಲೆ ಪ್ರಯೋಗಿಸಿ, 1797ರಲ್ಲಿ ಅದರ ಬಗ್ಗೆ ಪುಸ್ತಕ ಪ್ರಕಟಿಸಿದ. ಇಂಗ್ಲೆಂಡಿನಲ್ಲಿ ಅದು ಮದ್ರಾಸ್ ಪದ್ಧತಿ ಎಂದೇ ಹೆಸರಾಯಿತು. ಅದರಲ್ಲಿ ದೊಡ್ಡವನು ಹೇಳುತ್ತಾನೆ, ಚಿಕ್ಕವನು ಒಪ್ಪಿಸುತ್ತಾನೆ. ನೂರಾರು ಮಕ್ಕಳಿಗೆ ಒಬ್ಬ ಮೇಷ್ಟ್ರು ಇದ್ದ ಕಾಲಕ್ಕೆ ಅದು ಉಪಾಯ. ಮಗ್ಗಿ ಒಪ್ಪಿಸಲು ಈಗಲೂ ಸಾಕು. ಎರಡು ಗ ಎಲ್ಲಿಂದ ತರುವುದು ಎಂಬ ಪ್ರಶ್ನೆಗೆ ಅದರಲ್ಲಿ ಜಾಗ ಇಲ್ಲ.

ಸ್ಕೆಚ್ ಪೆನ್ನಿನ ವಿಷಯ ಶಿಕ್ಷಕಿಯರಿಬ್ಬರೂ ಕೂತು ಮಾತಾಡಿದರು. ಮುಂದಿನ ವಾರದ ಪರಿಸರ ಅಧ್ಯಯನದ ಪಾಠಕ್ಕೆ ಪೆನ್ನೂ ಇಲ್ಲ, ಶೀಟೂ ಇಲ್ಲ. ಚೀಟಿ ಎತ್ತಿಸಿ ಗುಂಪು ಮಾಡಿದರು. ಮಕ್ಕಳನ್ನೇ ಗುಂಪು ಮಾಡಿಕೊಳ್ಳಲು ಬಿಟ್ಟರೆ ಕೇರಿ ಕೇರಿಯೇ ಗುಂಪಾಗುತ್ತದೆ ಎಂಬುದು ಅವರಿಗೆ ಗೊತ್ತು. ಒಬ್ಬೊಬ್ಬರೂ ಒಂದೊಂದು ಮರದ ಸಣ್ಣ ಕೊಂಬೆ ತರಬೇಕು, ಇಬ್ಬರು ಒಂದೇ ಮರದ್ದು ತರುವಂತಿಲ್ಲ. ತಂದದ್ದನ್ನು ಒಟ್ಟು ಸೇರಿಸಿ ಎಲೆಗಳನ್ನು ವಿಂಗಡಿಸಬೇಕು. ಹೇಗೆ ಎಂದು ಹೇಳುವುದಿಲ್ಲ.

ನಾನು ಕೂತ ಗುಂಪಿನಲ್ಲಿ ಮಾವು, ಹೊಂಗೆ, ಬೇವು, ಬಿಲ್ವ ಸೇರಿದವು. ಒಂದೆಲೆಯವು ಒಂದು ಕಡೆ, ಬಹಳ ಎಲೆಯವು ಇನ್ನೊಂದು ಕಡೆ ಎಂದು ಒಬ್ಬ ಸುಲಭವಾಗಿ ತೀರ್ಪು ಕೊಟ್ಟ. ಹೊಂಗೆಯ ಹತ್ತಿರ ಬಂದಾಗ ಜಗಳ ಶುರುವಾಯಿತು. ಒಂದೇ ಕಡ್ಡಿಗೆ ಐದು. ಇದು ಐದು ಎಲೆಯೋ, ಒಂದೋ?

‘ಐದು ಕಣ್ಲಾ, ಕಾಣಲ್ವಾ?’

‘ಹಂಗಾದ್ರೆ ಬಿಲ್ಪತ್ರೆ? ಮೂರು ಇದ್ರೂ ಒಂದೇ ಪತ್ರೆ ಅಂತ ತಾನೆ ಶಿವನಿಗೆ ಇಡೋದು?’

ಈ ವಾದಕ್ಕೆ ಎದುರಾಡುವುದು ಕಷ್ಟ. ಎಲ್ಲರೂ ಸ್ವಲ್ಪ ಹೊತ್ತು ಸುಮ್ಮನಾದರು. ಆಮೇಲೆ ಬೇವು ತಂದಿದ್ದವಳು ಹೇಳಿದಳು: ‘ನಮ್ಮನೆ ಮುಂದೆ ಬೇವಿನ ಮರ ಐತೆ. ದಿನಾ ಗುಡಿಸೋಳು ನಾನು. ಒಂದೊಂದೇ ಉದುರಿರುತ್ತೆ, ಬರೀ ಕಡ್ಡೀನೂ ಬಿದ್ದಿರುತ್ತೆ. ಒಂದೇ ಎಲೆ ಆಗಿದ್ರೆ ಒಟ್ಟಿಗೆ ಬೀಳಬೇಕಿತ್ತಲ್ಲ?’

ಸಸ್ಯಶಾಸ್ತ್ರದ ತರಗತಿಯಲ್ಲಿ ಇಂಥ ಆಕ್ಷೇಪ ನಾನು ಕೇಳಿಲ್ಲ. ಉತ್ತರ ನನ್ನ ನಾಲಗೆಯ ತುದಿಯಲ್ಲಿತ್ತು, ಶಿಕ್ಷಕಿಯ ಕಣ್ಣು ನೋಡಿ ನುಂಗಿಕೊಂಡೆ. ಅವರು ಬಗ್ಗಿ ಇಷ್ಟೇ ಹೇಳಿದರು: ‘ಮಾವಿನ ಎಲೆ ಕೊಂಬೆಗೆ ಅಂಟಿರೋ ಜಾಗ ನೋಡಿ, ಅಲ್ಲಿ ಏನಿದೆ? ಆಮೇಲೆ ಹೊಂಗೇದು ನೋಡಿ.’ ಹೇಳಿ ಮುಂದಿನ ಗುಂಪಿಗೆ ಹೋಗಿಬಿಟ್ಟರು. ನಾಲ್ಕು ತಲೆ ಒಟ್ಟಿಗೆ ಬಗ್ಗಿದವು. ಮಾವಿನ ತೊಟ್ಟಿನ ಕಂಕುಳಲ್ಲಿ ಸಣ್ಣ ಮೊಗ್ಗು. ಹೊಂಗೆಯಲ್ಲಿ ಐದೂ ಎಲೆಗಳ ಬುಡ ತಡಕಿದರು, ಅಲ್ಲೆಲ್ಲೂ ಇಲ್ಲ. ಐದನ್ನೂ ಹೊತ್ತ ಕಡ್ಡಿ ಕೊಂಬೆಗೆ ಸೇರುವಲ್ಲಿ ಇದೆ, ಒಂದೇ ಒಂದು. ಬೇವಿನಲ್ಲೂ ಹಾಗೆಯೇ. ಸಂಯುಕ್ತ ಪರ್ಣವನ್ನು ಗುರುತಿಸಲು ಸಸ್ಯಶಾಸ್ತ್ರಜ್ಞರು ಮಾಡುವುದೂ ಇಷ್ಟೇ, ಮೊಗ್ಗು ಎಲ್ಲಿದೆಯೋ ಅಲ್ಲಿಂದಾಚೆಗಿನದು ಒಂದು ಎಲೆ. ಬೇವಿನವಳು ಮಾತ್ರ ಪೂರ್ತಿ ಒಪ್ಪಲಿಲ್ಲ. ಉದುರುವ ಪ್ರಶ್ನೆಗೆ ಉತ್ತರ ಸಿಕ್ಕಿಲ್ಲ ಎಂದಳು. ಸಿಕ್ಕಿರಲಿಲ್ಲ, ನಿಜವೇ.

ಆಟದ ಬಯಲಿನ ಮಾವಿನ ಮರದಲ್ಲಿ ಕೆಂಜಿಗದ ಗೂಡುಗಳಿವೆ. ಎಲೆಗಳ ಅಂಚನ್ನು ಸಾಲಾಗಿ ಕಚ್ಚಿ ಎಳೆದು, ಮರಿಹುಳುಗಳ ಬಾಯಿಂದ ಬರುವ ನೂಲಿನಿಂದ ಹೊಲಿಯುವ ಇರುವೆಗಳು. ಶಾಲೆಗೆ ಬರುವ ದೊಡ್ಡವರಲ್ಲಿ ಯಾರಾದರೊಬ್ಬರು ಅವನ್ನು ತೋರಿಸಿ ಮಕ್ಕಳಿಗೆ ಒಗ್ಗಟ್ಟಿನ ಪಾಠ ಹೇಳದೆ ಹೋಗುವುದಿಲ್ಲ. ಕೆಂಜಿಗಗಳು ಒಂದೇ ರಾಣಿಯ ಮಕ್ಕಳು, ಬೇವೋ ಹೊಂಗೆಯೋ ಎಂದು ವಾದ ಮಾಡುವ ಅಗತ್ಯ ಅವಕ್ಕಿಲ್ಲ. ಇಲ್ಲಿ ನಾಲ್ಕು ಮನೆಯ, ಮೂರು ಕೇರಿಯ, ಎರಡು ಭಾಷೆಯ ಮಕ್ಕಳು ಒಂದು ಕೊಂಬೆಯ ಸುತ್ತ ಕೂತಿದ್ದಾರೆ. ಅದು ಇರುವೆಗಳು ಮಾಡದ ಕೆಲಸ.

ಒಬ್ಬೊಬ್ಬರ ಕೈಯಲ್ಲೂ ಬೇರೆಯವರ ಬಳಿ ಇಲ್ಲದ ಒಂದೊಂದು ತುಂಡು ಇರುವಂತೆ ಪಾಠವನ್ನು ಹಂಚುವ ಉಪಾಯಕ್ಕೆ ಅಮೆರಿಕದಲ್ಲಿ ಜಿಗ್‌ಸಾ ಎಂದು ಹೆಸರು. ಎಲಿಯಟ್ ಆರನ್ಸನ್ ಅದನ್ನು ರೂಪಿಸಿದ್ದು 1971ರಲ್ಲಿ, ಟೆಕ್ಸಾಸಿನ ಆಸ್ಟಿನ್‌ನಲ್ಲಿ. ಅದುವರೆಗೆ ಬೇರೆ ಬೇರೆ ಶಾಲೆಗೆ ಹೋಗುತ್ತಿದ್ದ ಕರಿಯರ, ಬಿಳಿಯರ, ಮೆಕ್ಸಿಕೊ ಮೂಲದವರ ಮಕ್ಕಳು ಒಂದೇ ತರಗತಿಗೆ ಬಂದಿದ್ದರು, ಹೊಡೆದಾಟಗಳು ನಡೆದಿದ್ದವು. ಪಕ್ಕದವನ ತುಂಡು ಇಲ್ಲದೆ ತನ್ನ ಪಾಠ ಪೂರ್ತಿಯಾಗದು ಎಂದಾದಾಗ ಅವನ ಮಾತನ್ನು ಕೇಳಲೇಬೇಕು. ನಮ್ಮ ಈ ಶಿಕ್ಷಕಿಯರಿಗೆ ಆಸ್ಟಿನ್ ಗೊತ್ತಿಲ್ಲ, ತಮ್ಮೂರಿನ ಕೇರಿಗಳು ಗೊತ್ತು. ಚೀಟಿ ಎತ್ತಿಸಿದ ದಿನ ಹಾಡಿಯಿಂದ ಬರುವ ಹುಡುಗಿಯೊಬ್ಬಳು ತಂದದ್ದು ಕಾಡಂಚಿನ ಮತ್ತಿ ಮರದ ಕೊಂಬೆ. ಬೇರೆ ಯಾರ ಬಳಿಯೂ ಅದು ಇರಲಿಲ್ಲ. ಎಲೆಯ ಹಿಂಬದಿಯಲ್ಲಿ, ತೊಟ್ಟಿನ ಹತ್ತಿರ, ಎರಡು ಸಣ್ಣ ಗಂಟುಗಳಿವೆ ಎಂದು ತೋರಿಸಿದಳು. ಊರಿನ ಮಕ್ಕಳು ಅದನ್ನು ಮುಟ್ಟಿ ನೋಡಲು ಸಾಲುಗಟ್ಟಿದರು.

ಗದ್ದಲದ ಬಗ್ಗೆ ಒಂದು ಮಾತು. ಕಾಡಿನಲ್ಲಿ ಓಡಾಡಿದವರಿಗೆ ಗೊತ್ತು, ಎಲ್ಲ ಸದ್ದೂ ಒಂದೇ ಅಲ್ಲ. ಮೇಯುವ ಕಡವೆಯ ಸದ್ದು ಬೇರೆ, ಹುಲಿ ಕಂಡ ಕಡವೆಯ ಕೂಗು ಬೇರೆ. ಕೆಲಸ ನಡೆಯುವ ಗುಂಪಿನ ಸದ್ದು ಏರುತ್ತ ಇಳಿಯುತ್ತ ಇರುತ್ತದೆ, ನಡುನಡುವೆ ಎಲ್ಲರೂ ಒಟ್ಟಿಗೆ ನಿಲ್ಲುತ್ತಾರೆ. ಕೆಲಸ ಮುಗಿದ ಗುಂಪಿನದು ಒಂದೇ ಸಮ ಏರುತ್ತ ಹೋಗುತ್ತದೆ. ಒಂದನೆಯ ತಟ್ಟೆಯಲ್ಲಿದ್ದ ಶಿಕ್ಷಕಿ ತಲೆಯೆತ್ತುತ್ತಿದ್ದದ್ದು ಈ ಎರಡನೆಯ ಬಗೆಯ ಸದ್ದಿಗೆ ಮಾತ್ರ. ಬಾಗಿಲಲ್ಲಿ ನಿಂತು ‘ಏನಿದು ಸಂತೆ?’ ಎನ್ನುವವರಿಗೆ ಈ ಎರಡೂ ಒಂದೇ.

ಶಿಕ್ಷಣ ಹಕ್ಕು ಕಾಯ್ದೆ ಪ್ರಾಥಮಿಕ ಹಂತದಲ್ಲಿ 30 ಮಕ್ಕಳಿಗೆ ಒಬ್ಬ ಶಿಕ್ಷಕರು ಎನ್ನುತ್ತದೆ. ಈ ಕೋಣೆಯ ಮೂವತ್ತು ಎಂದರೆ ಮೂರು ತರಗತಿ, ನಾಲ್ಕು ವಿಷಯ, ಪ್ರತಿ ಮಗುವಿಗೂ ಬೇರೆ ಬೇರೆ ಮೆಟ್ಟಿಲು. ಮೇಲೆ ಪ್ರಗತಿ ನೋಟ ತುಂಬಬೇಕು, ಹಾಲು ಮೊಟ್ಟೆಯ ಲೆಕ್ಕ ಬರೆಯಬೇಕು. ಅತ್ತ ಇನ್ನು ಕೆಲವು ಶಾಲೆಗಳಲ್ಲಿ ಮಕ್ಕಳೇ ಎಂಟು ಹತ್ತು ಉಳಿದಿದ್ದಾರೆ. ಅಲ್ಲಿ ಐದು ತಟ್ಟೆ ಹಾಕಿದರೆ ತಟ್ಟೆಗೆ ಇಬ್ಬರು, ಒಬ್ಬ ಬಾರದಿದ್ದರೆ ಸಹಪಾಠಿಯೇ ಇಲ್ಲ. ಗುಂಪು ಕಲಿಕೆ ಸೋತಿತು ಎಂದು ಮಾತಾಡುವವರು ಈ ಎರಡು ಕಷ್ಟಗಳನ್ನು ಲೆಕ್ಕಕ್ಕೆ ಹಿಡಿದು ಮಾತಾಡಿದರೆ ಒಳ್ಳೆಯದು.

ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸದಸ್ಯರಿಗೆ, ಹಳೆಯ ವಿದ್ಯಾರ್ಥಿಗಳಿಗೆ, ಮಕ್ಕಳನ್ನು ಅಲ್ಲಿಗೆ ಕಳಿಸುವ ತಂದೆ ತಾಯಿಗಳಿಗೆ ಒಂದು ಕೋರಿಕೆ. ಬಾವುಟದ ದಿನ ಬಿಟ್ಟು ಬೇರೆ ಯಾವುದಾದರೂ ದಿನ, ಮುಖ್ಯ ಶಿಕ್ಷಕರನ್ನು ಕೇಳಿಕೊಂಡು, ನಿಮ್ಮೂರಿನ ಶಾಲೆಯಲ್ಲಿ ಒಂದು ಪೂರ್ತಿ ಪೀರಿಯಡ್ ನೆಲದ ಮೇಲೆ ಕೂತು ಬನ್ನಿ. ಮಗ್ಗಿ ಕೇಳಬೇಡಿ, ಭಾಷಣ ಮಾಡಬೇಡಿ. ಪೆನ್ನು ಸಿಗದ ಒಂದು ಮಗುವನ್ನು ಆರಿಸಿಕೊಂಡು ಗಂಟೆ ಹೊಡೆಯುವವರೆಗೆ ಅದನ್ನೇ ನೋಡಿ. ಕಂಡದ್ದನ್ನು ಮೊದಲು ಆ ಶಿಕ್ಷಕಿಗೆ ಹೇಳಿ, ಊರಿನ ವಾಟ್ಸ್ಆ್ಯಪ್ ಗುಂಪಿಗಲ್ಲ.